ಪಾಚಿ ಸೋಸಿದ ಮೇಲೆ ಉಳಿಯುವ ನೀರು: ಅದರಲ್ಲಿರುವುದನ್ನು ಬೇರ್ಪಡಿಸಿ ಪರೀಕ್ಷಿಸುವ ಕ್ರಮ

ಮಂಡ್ಯದ ಸುತ್ತಮುತ್ತ ತೊಟ್ಟಿ ಕಟ್ಟಿ ಸ್ಪಿರುಲಿನಾ ಬೆಳೆಯುತ್ತಿರುವವರೂ, ಮೈಸೂರಿನ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಾಚಿಯನ್ನು ಆರಿಸಿಕೊಂಡ ವಿದ್ಯಾರ್ಥಿಗಳೂ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದು ಒಂದೇ ಪ್ರಶ್ನೆಯನ್ನು: ಪಾಚಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆದ ಮೇಲೆ ಉಳಿಯುವ ತಿಳಿಹಳದಿ ನೀರಿನಿಂದ ಏನಾದರೂ ಪ್ರಯೋಜನವಿದೆಯೇ, ಅಥವಾ ಅದನ್ನು ಚರಂಡಿಗೆ ಬಿಡಬೇಕೇ? ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡಿಕೊಳ್ಳುವ ಸೀಮೆಯವರಿಗೆ ಈ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಪ್ರಯೋಜನವಿದೆ. ಆದರೆ ಆ ನೀರಿನಲ್ಲಿ ಇರುವುದರಲ್ಲಿ ಪಾಚಿ ಬದುಕಿರುವಾಗ ತಾನಾಗಿ ಹೊರಬಿಟ್ಟದ್ದು ಯಾವುದು, ಜೀವಕೋಶ ಒಡೆದು ಸೋರಿದ್ದು ಯಾವುದು, ನೀವೇ ಸುರಿದ ಗೊಬ್ಬರದ ಉಪ್ಪು ಯಾವುದು ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ಈ ವಿಷಯದಲ್ಲಿ ಆಗುವ ತಪ್ಪುಗಳೆಲ್ಲ ಬಹುಪಾಲು ಈ ಮೂರನ್ನು ಕಲಸಿಬಿಡುವುದರಿಂದಲೇ ಆಗುತ್ತವೆ.

ಮೊದಲು ಕೆಲವು ಪದಗಳು

ಸೂಕ್ಷ್ಮಪಾಚಿ ಎಂದರೆ ಬರಿಗಣ್ಣಿಗೆ ಒಂದೊಂದಾಗಿ ಕಾಣದ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿ. ಸ್ಪಿರುಲಿನಾ (ವಿಜ್ಞಾನಿಗಳು ಈಗ ಆರ್ಥ್ರೋಸ್ಪೈರಾ ಎನ್ನುತ್ತಾರೆ) ಕಟ್ಟುನಿಟ್ಟಾಗಿ ಹೇಳುವುದಾದರೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಗುಂಪಿಗೆ ಸೇರಿದ್ದು. ರೂಢಿಯಲ್ಲಿ ನೀಲಿ-ಹಸಿರು ಪಾಚಿ ಎಂಬ ಹೆಸರು ನಿಂತುಬಿಟ್ಟಿರುವುದರಿಂದ ಇಲ್ಲಿಯೂ ಹಾಗೆಯೇ ಕರೆದಿದ್ದೇನೆ.

ಬದುಕಿರುವ ಪಾಚಿ ನೀರಿಗೆ ಬಿಡುವ ವಸ್ತುಗಳನ್ನು ಒಟ್ಟಾಗಿ ಹೊರಸ್ರಾವ ಎನ್ನೋಣ. ಅವುಗಳಲ್ಲಿ ಪ್ರಮಾಣದಿಂದಲೂ ಬಳಕೆಯಿಂದಲೂ ಮುಖ್ಯವಾದುದು ಎಕ್ಸೊಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಅಣುಗಳು ಉದ್ದವಾಗಿ ಸರಪಣಿಯಂತೆ ಕೂಡಿಕೊಂಡು ಆದ ಲೋಳೆ. ಬಿಸಿಲು ಹೇರಳವಾಗಿದ್ದು ಸಾರಜನಕ ತೀರುತ್ತ ಬಂದಾಗ, ಪಾಚಿಯು ಹೀರಿಕೊಂಡ ಇಂಗಾಲವನ್ನು ಪ್ರೋಟೀನಾಗಿ ಕಟ್ಟಲಾರದೆ ಹೆಚ್ಚಿನ ಪಾಲನ್ನು ಈ ಲೋಳೆಯ ರೂಪದಲ್ಲಿ ಹೊರಹಾಕುತ್ತದೆ. ಇದರ ಜೊತೆಗೆ ಗ್ಲೈಕೊಲೇಟ್‌ನಂತಹ ಸಣ್ಣ ಆಮ್ಲಗಳು, ಅಮೈನೊ ಆಮ್ಲಗಳು, ಕೆಲವು ನೀಲಿ-ಹಸಿರು ಪಾಚಿಗಳಲ್ಲಿ ಇಂಡೋಲ್ ಅಸಿಟಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು, ಕಬ್ಬಿಣವನ್ನು ಹಿಡಿದು ತರುವ ಸಿಡೆರೊಫೋರ್ ಎಂಬ ಅಣುಗಳು ಇರುತ್ತವೆ.

ಇದು ಹೊಸ ಸಂಗತಿಯೇನಲ್ಲ. ಕ್ಲೋರೆಲ್ಲಾ ಪಾಚಿ ತಾನು ಬೆಳೆದ ನೀರಿಗೆ ಬಿಡುವ, ಬ್ಯಾಕ್ಟೀರಿಯಾಗಳನ್ನು ತಡೆಯುವ ವಸ್ತುವಿಗೆ ಪ್ರ್ಯಾಟ್ ಮತ್ತು ಸಂಗಡಿಗರು 1944ರಲ್ಲೇ ಕ್ಲೋರೆಲ್ಲಿನ್ ಎಂದು ಹೆಸರಿಟ್ಟಿದ್ದರು. ಅನಬೀನಾ ಎಂಬ ನೀಲಿ-ಹಸಿರು ಪಾಚಿಯು ತಾನು ಗಾಳಿಯಿಂದ ಹಿಡಿದ ಸಾರಜನಕದ ಒಂದು ಪಾಲನ್ನು ನೀರಿಗೆ ಬಿಡುತ್ತದೆ ಎಂಬುದನ್ನು ಫಾಗ್ 1952ರಲ್ಲಿ ತೋರಿಸಿದರು. ನಾಲೆಯ ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಪಾಚಿ ಪೈರಿಗೆ ನೆರವಾಗುವ ಬಗೆಗಳಲ್ಲಿ ಇದೂ ಒಂದು.

ಬೇಕಾಗುವ ಸಾಮಗ್ರಿ

20 ಲೀಟರಿನ ಪಾರದರ್ಶಕ ಕ್ಯಾನು ಅಥವಾ ಅಗಲವಾದ ಟಬ್ಬು, ಮೀನಿನ ತೊಟ್ಟಿಗೆ ಬಳಸುವ ಗಾಳಿ ಪಂಪು, ಪಿಎಚ್ ಪಟ್ಟಿ ಅಥವಾ ಪೆನ್ನು, ನೀರಿನ ಫಿಲ್ಟರ್ ರಿಪೇರಿಯವರ ಬಳಿ ಇರುವಂತಹ ಟಿಡಿಎಸ್ ಪೆನ್ನು (ನೀರಿನಲ್ಲಿ ಕರಗಿರುವ ಉಪ್ಪು ಎಷ್ಟೆಂದು ತೋರಿಸುವುದು), 30ರಿಂದ 40 ಮೈಕ್ರಾನ್ ಕಣ್ಣಿನ ನೈಲಾನ್ ಬಟ್ಟೆ, ಸೋಸುಕಾಗದ, 0.01 ಗ್ರಾಂ ತೂಗುವ ತಕ್ಕಡಿ, ಡಯಾಲಿಸಿಸ್ ಕೊಳವೆ (ಸಣ್ಣ ಅಣುಗಳು ಮಾತ್ರ ಹೊರಹೋಗಬಲ್ಲ ಸೂಕ್ಷ್ಮ ರಂಧ್ರಗಳ ಪೊರೆಯ ಚೀಲ, 12ರಿಂದ 14 ಕಿಲೋಡಾಲ್ಟನ್ ಅಳತೆಯದು), ಬಟ್ಟಿ ಇಳಿಸಿದ ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್. ಎಥನಾಲ್ ಕೂಡ ಆಗುತ್ತದೆಯಾದರೂ ಅದರ ಖರೀದಿಗೆ ಅಬಕಾರಿ ನಿಯಮಗಳಿವೆ. ಕಾಲೇಜಿನ ಪ್ರಯೋಗಾಲಯದ ಮೂಲಕವಲ್ಲದೆ ಅದರ ತಂಟೆಗೆ ಹೋಗಬೇಡಿ. ಸ್ಯಾನಿಟೈಸರನ್ನು ಬದಲಿಗೆ ಬಳಸಿದವರಿದ್ದಾರೆ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಹಲವುದರಲ್ಲಿ ಗಟ್ಟಿಯಾಗಿಸುವ ಅಂಟೂ ಇರುತ್ತದೆ. ಕೊನೆಗೆ ನಿಮ್ಮ ಕೈಗೆ ಸಿಕ್ಕಿದ್ದು ಪಾಚಿಯ ಲೋಳೆಯೋ ಸ್ಯಾನಿಟೈಸರಿನ ಲೋಳೆಯೋ ತಿಳಿಯುವುದಿಲ್ಲ.

ಹಂತ 1: ತಳಿಯನ್ನು ಆರಿಸುವುದು

ಗುರುತು ಗೊತ್ತಿರುವ ಶುದ್ಧ ತಳಿಯಿಂದಲೇ ಪ್ರಾರಂಭಿಸಿ. ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: 1950ರಲ್ಲಿ ಚೆಲುವಾಂಬ ವಿಲಾಸದ ಕಟ್ಟಡದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ನಮ್ಮ ಸಿಎಫ್‌ಟಿಆರ್‌ಐಯಲ್ಲಿ, ಸ್ಪಿರುಲಿನಾ ಕುರಿತು ದಶಕಗಳ ಕೆಲಸ ನಡೆದಿದೆ. ಅಲ್ಲಿ ರೂಪುಗೊಂಡ ಅಗ್ಗದ ಪೋಷಕ ದ್ರಾವಣವನ್ನೇ ನಾವು ಮುಂದಿನ ಹಂತದಲ್ಲಿ ಬಳಸಲಿದ್ದೇವೆ. ಸಾರಜನಕ ಹಿಡಿಯುವ ತಳಿಗಳು ಬೇಕಾದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ನೀಲಿ-ಹಸಿರು ಪಾಚಿಗಳ ಸಂಗ್ರಹವನ್ನು ವಿಚಾರಿಸಬಹುದು.

ಎಚ್ಚರಿಕೆ: ಕುಕ್ಕರಹಳ್ಳಿ ಕೆರೆಯಿಂದಲೋ ಊರಿನ ಕಟ್ಟೆಯಿಂದಲೋ ಒಂದು ಬಾಟಲಿ ಹಸಿರು ನೀರು ತಂದು ಅದನ್ನೇ ಬೆಳೆಸಲು ಹೋಗಬೇಡಿ. ಕೊಳಚೆ ಸೇರುವ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಹೆಚ್ಚುವ ಮೈಕ್ರೊಸಿಸ್ಟಿಸ್ ಎಂಬ ಪಾಚಿಯ ಕೆಲವು ತಳಿಗಳು ಮೈಕ್ರೊಸಿಸ್ಟಿನ್ ಎಂಬ, ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ತಯಾರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಅದರ ಮುಖ್ಯ ಬಗೆಗೆ ಇಟ್ಟಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ ಮಾತ್ರ. ಕುದಿಸಿದರೆ ಅದು ಹೋಗುವುದಿಲ್ಲ. ಸ್ಥಳೀಯ ತಳಿಯನ್ನೇ ಬೇರ್ಪಡಿಸಿ ಮುಂದೆ ವ್ಯಾಪಾರಕ್ಕೆ ಒಯ್ಯುವ ಯೋಚನೆಯಿದ್ದರೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನೂ ಮೊದಲೇ ತಿಳಿದುಕೊಳ್ಳಬೇಕು.

ಹಂತ 2: ನೀರು ಮತ್ತು ಪೋಷಕ ದ್ರಾವಣ

ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಬಿಸಿಲಿಗೆ ಇಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣದ ಅಂಶ ಮುಂದೆ ಪಿಎಚ್ ಏರಿದಾಗ ನೀವು ಹಾಕಿದ ಫಾಸ್ಫೇಟನ್ನೂ ಎಳೆದುಕೊಂಡು ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ; ಪಾಚಿ ಉಪವಾಸ ಬೀಳುತ್ತದೆ. ಅಂತಹ ಕಡೆ ಮಳೆನೀರೋ ಶುದ್ಧೀಕರಿಸಿದ ನೀರೋ ಲೇಸು.

20 ಲೀಟರಿಗೆ ಬೇಕಾದ ಪ್ರಮಾಣ ಹೀಗಿದೆ:

ಅಡುಗೆ ಸೋಡಾ (ಸೋಡಿಯಂ ಬೈಕಾರ್ಬೊನೇಟ್) 90 ಗ್ರಾಂ
ಸೋಡಿಯಂ ನೈಟ್ರೇಟ್ 30 ಗ್ರಾಂ
ಉಪ್ಪು 20 ಗ್ರಾಂ
ಪೊಟ್ಯಾಸಿಯಂ ಸಲ್ಫೇಟ್ 20 ಗ್ರಾಂ
ಡೈಪೊಟ್ಯಾಸಿಯಂ ಫಾಸ್ಫೇಟ್ 10 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ 4 ಗ್ರಾಂ
ಕ್ಯಾಲ್ಸಿಯಂ ಕ್ಲೋರೈಡ್ 0.8 ಗ್ರಾಂ
ಫೆರಸ್ ಸಲ್ಫೇಟ್ 0.2 ಗ್ರಾಂ

ಕೊನೆಯ ಎರಡನ್ನು ಉಳಿದವುಗಳ ಜೊತೆ ಒಟ್ಟಿಗೆ ಸುರಿಯಬಾರದು. ಕ್ಯಾಲ್ಸಿಯಂ ಕ್ಲೋರೈಡನ್ನು ಒಂದು ಲೋಟ ನೀರಿನಲ್ಲಿ ಬೇರೆಯಾಗಿ ಕರಗಿಸಿ ಕೊನೆಯಲ್ಲಿ ನಿಧಾನವಾಗಿ ಬೆರೆಸಿ. ಫೆರಸ್ ಸಲ್ಫೇಟನ್ನು ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿದ ನೀರಿನಲ್ಲಿ ಕರಗಿಸಿ ಸೇರಿಸಿ. ಇಲ್ಲವಾದರೆ ಕಬ್ಬಿಣವು ತುಕ್ಕಿನ ಪುಡಿಯಾಗಿ ತಳ ಸೇರುತ್ತದೆ. ಯಾವ ಉಪ್ಪನ್ನು ಎಷ್ಟು ಹಾಕಿದಿರಿ ಎಂಬುದನ್ನು ಬರೆದಿಡಿ. ಈ ಲೆಕ್ಕ 6ನೇ ಹಂತದಲ್ಲೂ 8ನೇ ಹಂತದಲ್ಲೂ ಮತ್ತೆ ಬೇಕಾಗುತ್ತದೆ.

ಹಂತ 3: ಹೆಪ್ಪು ಹಾಕುವುದು, ಬೆಳೆಸುವುದು

20 ಲೀಟರಿಗೆ ಒಂದೇ ಸಲ ಅರ್ಧ ಲೀಟರ್ ಪಾಚಿ ಹಾಕಿದರೆ ತೆಳುವಾದ ಪಾಚಿಗೆ ಬಿಸಿಲು ಹೆಚ್ಚಾಗಿ ಅದು ಬಿಳಿಚಿಕೊಳ್ಳುತ್ತದೆ. 4 ಲೀಟರಿನಿಂದ ಆರಂಭಿಸಿ, ಕಡುಹಸಿರಾದಂತೆಲ್ಲ ಎರಡರಷ್ಟು ಮಾಡುತ್ತ ಹೋಗಿ. ಮೊದಲ ವಾರ ನೆರಳು ಬಲೆ ಕಡ್ಡಾಯ. ಸ್ಪಿರುಲಿನಾಗೆ ಹಿಡಿಸುವ ಉಷ್ಣತೆ 30ರಿಂದ 35 ಡಿಗ್ರಿ ಸೆಲ್ಸಿಯಸ್. ಮಾರ್ಚ್‌ನಿಂದ ಮೇ ತಿಂಗಳವರೆಗೆ ನಮ್ಮಲ್ಲಿ ಇದು ತಾನಾಗಿ ಸಿಗುತ್ತದೆ, ಧನುರ್ಮಾಸದ ಚಳಿಯಲ್ಲಿ ಬೆಳವಣಿಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಪಿಎಚ್ 9ರಿಂದ 10.5ರ ನಡುವೆ ಇರಲಿ. ಈ ಕ್ಷಾರತೆಯೇ ಬೇರೆ ಪಾಚಿಗಳನ್ನೂ ಹುಳಗಳನ್ನೂ ದೂರವಿಡುವ ಬೇಲಿ.

ತೊಟ್ಟಿ ಗಟ್ಟಿಯಾಗಿದೆಯೇ ಎಂದು ನೋಡಲು ಕೋಲಿನ ತುದಿಗೆ ಬಿಳಿ ಬಿಲ್ಲೆ ಕಟ್ಟಿ ಇಳಿಸಿ. ಸುಮಾರು 3 ಸೆಂಟಿಮೀಟರ್ ಆಳದಲ್ಲಿ ಬಿಲ್ಲೆ ಮರೆಯಾದರೆ ಕೊಯ್ಲಿಗೆ ಸಿದ್ಧವಾಗಿದೆ ಎಂದರ್ಥ.

ಹಂತ 4: ಲೋಳೆ ಬಿಡುವಂತೆ ಮಾಡುವುದು

ಆಹಾರಕ್ಕಾಗಿ ಬೆಳೆಯುವವರು ಈ ಘಟ್ಟದಲ್ಲೇ ಕೊಯ್ಯುತ್ತಾರೆ. ಹೊರಸ್ರಾವ ಬೇಕಾದವರು ಇನ್ನೊಂದು ವಾರ ಕಾಯಬೇಕು. ನೈಟ್ರೇಟನ್ನು ಮರುಪೂರಣ ಮಾಡದೆ, ಸೋಡಾ ಮಾತ್ರ ಅಗತ್ಯಕ್ಕೆ ತಕ್ಕಂತೆ ಸೇರಿಸುತ್ತ, ನೆರಳು ಬಲೆಯನ್ನು ಸ್ವಲ್ಪ ಸರಿಸಿ ಬೆಳಕು ಹೆಚ್ಚಿಸಿ. ನೀರಿಗೆ ತುಸು ಜಿಗುಟು ಬರುತ್ತದೆ, ಗುಳ್ಳೆ ಬೇಗ ಒಡೆಯದೆ ನೊರೆ ನಿಲ್ಲುತ್ತದೆ.

ದುರಾಸೆ ಬೇಡ. ಎರಡು ವಾರ ಕಾಯ್ದರೆ ಎರಡರಷ್ಟು ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಸಿದ ಪಾಚಿ ಹಳದಿಗೆ ತಿರುಗಿ ಸಾಯತೊಡಗಿದ ಕೂಡಲೇ ಒಳಗಿನದೆಲ್ಲ ಹೊರಗೆ ಬರುತ್ತದೆ, ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳು ಮುತ್ತಿಕೊಳ್ಳುತ್ತವೆ, ಅವು ಲೋಳೆಯನ್ನೂ ಬಿಡದೆ ಕರಗಿಸುತ್ತವೆ. ಕೆಟ್ಟ ವಾಸನೆ ಬಂದ ತೊಟ್ಟಿಯ ನೀರು ಈ ಕೆಲಸಕ್ಕೆ ಬಾರದು.

ಹಂತ 5: ಹಿಂಡದೆ ಸೋಸುವುದು

ಇಡೀ ಕ್ರಮದಲ್ಲಿ ಕೈಚಳಕ ಬೇಕಾದ ಹಂತವೆಂದರೆ ಇದೇ. ಗಾಳಿ ಪಂಪನ್ನು ನಿಲ್ಲಿಸಿ ಒಂದೆರಡು ಗಂಟೆ ಬಿಡಿ. ಸ್ಪಿರುಲಿನಾದ ಜೀವಕೋಶಗಳಲ್ಲಿ ಗಾಳಿಯ ಸೂಕ್ಷ್ಮ ಚೀಲಗಳಿರುವುದರಿಂದ ಅದು ಬೇರೆ ಪಾಚಿಗಳಂತೆ ಮುಳುಗದೆ ಮೇಲೆ ಕೆನೆಗಟ್ಟುತ್ತದೆ. ಆದ್ದರಿಂದ ಮೇಲಿನಿಂದ ಬಗ್ಗಿಸುವ ಬದಲು, ತಳದ ಗಸಿಗೂ ಮೇಲಿನ ಕೆನೆಗೂ ನಡುವೆ ಕೊಳವೆ ಇಳಿಸಿ ಸೈಫನ್ ವಿಧಾನದಿಂದ ನೀರನ್ನು ಎಳೆದುಕೊಳ್ಳಿ. ಹೀಗೆ ಬಂದ ನೀರನ್ನು ನೈಲಾನ್ ಬಟ್ಟೆಯಲ್ಲೂ ಆಮೇಲೆ ಸೋಸುಕಾಗದದಲ್ಲೂ ಇಳಿಸಿ. ಲೋಳೆಯಿರುವ ನೀರು ಕಾಗದವನ್ನು ಬೇಗ ಕಟ್ಟಿಸುತ್ತದೆ. ಒತ್ತಡ ಹಾಕಬೇಡಿ, ಕಾಗದವನ್ನು ಬದಲಾಯಿಸಿ. ಸೆಂಟ್ರಿಫ್ಯೂಜ್ ಇರುವ ಪ್ರಯೋಗಾಲಯದವರು 5000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ ತಿಳಿಯನ್ನು ತೆಗೆದುಕೊಳ್ಳಬಹುದು. ಹಗುರವಾದ ಎಳೆಗಳು ಮೇಲೆಯೇ ಉಳಿದರೆ ಮತ್ತೊಮ್ಮೆ ಸೋಸಬೇಕು.

ಬಟ್ಟೆಯಲ್ಲಿ ಉಳಿದ ಪಾಚಿಯನ್ನು ಹಿಂಡಿದಾಗ ಬರುವ ನೀರನ್ನು ಯಾವ ಕಾರಣಕ್ಕೂ ಇದಕ್ಕೆ ಬೆರೆಸಬಾರದು. ಹಿಂಡಿದಾಗ ಜೀವಕೋಶಗಳು ಒಡೆಯುತ್ತವೆ.

ಒಡೆದಿದೆಯೇ ಇಲ್ಲವೇ ಎಂದು ತಿಳಿಯುವ ಬಗೆ ಸುಲಭ. ಸ್ಪಿರುಲಿನಾದ ನೀಲಿ ಬಣ್ಣವಾದ ಫೈಕೊಸಯನಿನ್ ಜೀವಕೋಶದ ಒಳಗೆ ಇರುವ ಪ್ರೋಟೀನು. ಬದುಕಿರುವ ಪಾಚಿ ಅದನ್ನು ಹೊರಬಿಡುವುದಿಲ್ಲ. ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ಬಿಳಿ ಕಾಗದದ ಮುಂದೆ ಹಿಡಿದಾಗ ನೀಲಿ ಛಾಯೆ ಕಂಡರೆ, ಕತ್ತಲೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟಾಗ ಕೆಂಪು ಹೊಳಪು ಮೂಡಿದರೆ, ಅದು ಹೊರಸ್ರಾವವಲ್ಲ, ಸೋರಿಕೆ. ಪ್ರಯೋಗಾಲಯದಲ್ಲಾದರೆ 620 ನ್ಯಾನೊಮೀಟರಿನಲ್ಲಿ ಅಳೆದು ನೋಡಿ. ‘ನಮ್ಮ ಪಾಚಿ ನೀಲಿ ಬಣ್ಣವನ್ನು ಹೊರಬಿಡುತ್ತಿದೆ, ಮಾರಬಹುದೇ’ ಎಂದು ಸಂತೋಷದಿಂದ ಕೇಳುವವರಿಗೆ ಹೇಳಬೇಕಾದ ಬೇಸರದ ಉತ್ತರ ಇದೇ: ನಿಮ್ಮ ಪಾಚಿ ಸಾಯುತ್ತಿದೆ.

ಹಂತ 6: ಉಪ್ಪನ್ನು ಕಳೆಯುವುದು

ಹೆಚ್ಚಿನವರು ಈ ಹಂತವನ್ನು ಹಾರಿಸುತ್ತಾರೆ, ಹೆಚ್ಚಿನವರು ಎಡವುವುದೂ ಇಲ್ಲೇ. ಲೆಕ್ಕ ಹಾಕಿ ನೋಡಿ: ಮೇಲಿನ ಪಟ್ಟಿಯ ಪ್ರಕಾರ ಒಂದು ಲೀಟರಿಗೆ ನೀವು ಹಾಕಿರುವ ಉಪ್ಪುಗಳ ಒಟ್ಟು ತೂಕ 8.75 ಗ್ರಾಂ. ಪಾಚಿ ಬಿಟ್ಟಿರಬಹುದಾದ ಲೋಳೆಯಾದರೋ ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂನಿಂದ ಕೆಲವು ನೂರು ಮಿಲಿಗ್ರಾಂ. ಈ ನೀರಿಗೆ ನೇರವಾಗಿ ಆಲ್ಕೊಹಾಲ್ ಸುರಿದರೆ ಸೋಡಾವೂ ಬಿಳಿಯಾಗಿ ಇಳಿಯುತ್ತದೆ, ಏಕೆಂದರೆ ಅದು ಆಲ್ಕೊಹಾಲಿನಲ್ಲಿ ಕರಗುವುದಿಲ್ಲ. ನಾನೂ ಮೊದಲ ಸಲ ಒಂದು ಲೀಟರಿಗೆ ಮೂರು ಗ್ರಾಂ ‘ಎಕ್ಸೊಪಾಲಿಸ್ಯಾಕರೈಡ್’ ಸಿಕ್ಕಿತೆಂದು ಹಿಗ್ಗಿ, ಅದರ ಮೇಲೆ ನಿಂಬೆಹಣ್ಣು ಹಿಂಡಿದಾಗ ಬುಸ್ಸೆಂದು ನೊರೆ ಉಕ್ಕಿದ್ದನ್ನು ನೋಡಿ ತೆಪ್ಪಗಾದವನು. ಆ ನಿಂಬೆಯ ಪರೀಕ್ಷೆಯನ್ನು ನೀವೂ ಇಟ್ಟುಕೊಳ್ಳಿ: ನೊರೆ ಬಂದರೆ ಅದರಲ್ಲಿ ಸೋಡಾ ಇದೆ, ಸಂಶಯವಿಲ್ಲ.

ಸೋಸಿದ ನೀರನ್ನು 200 ಮಿಲಿಲೀಟರಿನಷ್ಟು ಡಯಾಲಿಸಿಸ್ ಕೊಳವೆಯಲ್ಲಿ ತುಂಬಿ, ಎರಡೂ ತುದಿ ಬಿಗಿದು, ಐದು ಲೀಟರ್ ಬಟ್ಟಿ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಕೊಳವೆಯ ಕಾಲು ಭಾಗ ಖಾಲಿಯಿರಲಿ. ಒಳಗಿನ ಉಪ್ಪು ಹೊರಗಿನ ನೀರನ್ನು ಸೆಳೆದುಕೊಳ್ಳುವುದರಿಂದ ಪೂರ್ತಿ ತುಂಬಿದ ಕೊಳವೆ ಉಬ್ಬಿ ಒಡೆಯಬಹುದು. ಎರಡು ದಿನಗಳಲ್ಲಿ ನಾಲ್ಕೈದು ಬಾರಿ ನೀರನ್ನು ಬದಲಾಯಿಸಿ. ಆರು ಗಂಟೆ ಇಟ್ಟ ಮೇಲೂ ಹೊರಗಿನ ನೀರಿನ ಟಿಡಿಎಸ್ ಹೊಸ ಬಟ್ಟಿ ನೀರಿನಷ್ಟೇ ತೋರಿಸಿದರೆ ಉಪ್ಪು ಹೋಗಿದೆ. ಗ್ಲೈಕೊಲೇಟ್, ಅಮೈನೊ ಆಮ್ಲ, ಹಾರ್ಮೋನಿನಂತಹ ಸಣ್ಣ ಅಣುಗಳೂ ಉಪ್ಪಿನ ಜೊತೆಗೇ ಹೋಗಿಬಿಡುತ್ತವೆ ಎಂಬುದನ್ನು ಮರೆಯಬೇಡಿ. ಅವು ಬೇಕಾದವರು ಡಯಾಲಿಸಿಸ್ ಮಾಡದ ಒಂದು ಪಾಲನ್ನು ಬೇರೆಯಾಗಿ ತೆಗೆದಿಡಬೇಕು.

ಹಂತ 7: ಲೋಳೆಯನ್ನು ಇಳಿಸುವುದು

ಉಪ್ಪು ಕಳೆದ ನೀರನ್ನು ಅಗಲವಾದ ಗಾಜಿನ ತಟ್ಟೆಯಲ್ಲಿ 50 ಡಿಗ್ರಿ ಮೀರದಂತೆ ಕಾಯಿಸಿ ಐದನೇ ಒಂದು ಪಾಲಿಗೆ ಇಳಿಸಿ. ಅದು ತಣ್ಣಗಾದ ಮೇಲೆ ಅದರ ಎರಡರಷ್ಟು ತಣ್ಣನೆಯ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕಲಕುತ್ತ ಸುರಿಯಿರಿ. ಶ್ಯಾವಿಗೆಯ ಎಳೆಯಂತಹ ತಂತುಗಳು ಮೂಡಬೇಕು. ಮೂಡದಿದ್ದರೆ ಚಿಟಿಕೆ ಅಡುಗೆ ಉಪ್ಪು ಹಾಕಿ: ಈ ಲೋಳೆಯ ಅಣುಗಳಲ್ಲಿ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂಡುತ್ತಿರುತ್ತವೆ, ತುಸು ಉಪ್ಪು ಆ ದೂಡಾಟವನ್ನು ತಣಿಸುತ್ತದೆ. ರಾತ್ರಿ ಪೂರಾ ತಣ್ಣಗಿಟ್ಟು, ಬೆಳಿಗ್ಗೆ ಸೋಸಿ, 40 ಡಿಗ್ರಿಯಲ್ಲಿ ಒಣಗಿಸಿ, ಗಾಳಿಯಾಡದ ಶೀಷೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮನೆಯ ಫ್ರಿಜ್ಜಿನಲ್ಲಿ ತೆರೆದ ಆಲ್ಕೊಹಾಲ್ ಇಡಬಾರದು, ಅದರ ಆವಿಗೆ ಕಿಡಿ ತಗುಲಿದರೆ ಬೆಂಕಿ ಹೊತ್ತುತ್ತದೆ. ಬಿಗಿ ಮುಚ್ಚಳದ ಶೀಷೆಯನ್ನು ಐಸ್ ತುಂಬಿದ ಡಬ್ಬದಲ್ಲಿಟ್ಟು, ಒಲೆ ಇಲ್ಲದ, ಗಾಳಿಯಾಡುವ ಕೋಣೆಯಲ್ಲಿ ಇರಿಸಿ.

ಹೀಗೆ ಸಿಕ್ಕಿದ್ದು ಕಚ್ಚಾ ವಸ್ತು. ಇದರಲ್ಲಿ ಸ್ವಲ್ಪ ಪ್ರೋಟೀನೂ ಇರುತ್ತದೆ. ಸಕ್ಕರೆಯ ಅಂಶವೆಷ್ಟು ಎಂದು ಅಳೆಯಲು ಫೀನಾಲ್–ಸಲ್ಫ್ಯೂರಿಕ್ ಆಮ್ಲದ ವಿಧಾನವಿದೆ, 490 ನ್ಯಾನೊಮೀಟರಿನಲ್ಲಿ ಓದುತ್ತಾರೆ. ಎರಡೂ ಚರ್ಮ ಸುಡುವ ರಾಸಾಯನಿಕಗಳು. ಅದನ್ನು ಪ್ರಯೋಗಾಲಯದಲ್ಲಿ, ತಿಳಿದವರ ಎದುರಿನಲ್ಲಿ ಮಾತ್ರ ಮಾಡಿ.

ಹಂತ 8: ಬೀಜದ ಮೇಲೆ ಪರೀಕ್ಷೆ

ರೈತರಿಗೆ ಹೆಚ್ಚು ಆಸಕ್ತಿ ಇರುವುದು ಇದರಲ್ಲಿ. ಹೆಸರುಕಾಳು, ರಾಗಿ ಅಥವಾ ಭತ್ತದ ಬೀಜವನ್ನು ಒಂದೊಂದು ತಟ್ಟೆಗೆ 50ರಂತೆ ತೆಗೆದುಕೊಳ್ಳಿ. ಪ್ರತಿ ಬಗೆಗೂ ಮೂರು ತಟ್ಟೆ. ಮೊದಲ ಬಗೆಗೆ ಬರೀ ನೀರು. ಎರಡನೆಯದಕ್ಕೆ ಪಾಚಿಯನ್ನೇ ಕಾಣದ ಹೊಸ ಪೋಷಕ ದ್ರಾವಣ, 50 ಪಾಲು ನೀರಿಗೆ ಒಂದು ಪಾಲು. ಮೂರನೆಯದಕ್ಕೆ ಪಾಚಿ ಸೋಸಿದ ನೀರು, ಅದೇ ಪ್ರಮಾಣದಲ್ಲಿ. ನಾಲ್ಕನೆಯದಕ್ಕೆ ಒಣಗಿಸಿದ ಲೋಳೆ, ಲೀಟರಿಗೆ 100 ಮಿಲಿಗ್ರಾಂ. ಮೊಳಕೆಯ ಶೇಕಡಾವಾರನ್ನೂ ಬೇರಿನ ಉದ್ದವನ್ನೂ ಅಳೆಯಿರಿ.

ಎರಡನೆಯ ಬಗೆಯನ್ನು ಬಿಟ್ಟುಬಿಟ್ಟರೆ ಇಡೀ ಪರೀಕ್ಷೆ ವ್ಯರ್ಥ. ಸೋಸಿದ ನೀರಿನಲ್ಲಿ ಉಳಿದಿರುವ ನೈಟ್ರೇಟ್, ಫಾಸ್ಫೇಟ್‌ಗಳೇ ಸಸಿಯನ್ನು ಹಸಿರಾಗಿಸಬಲ್ಲವು. ಪಾಚಿಯ ಪಾಲು ಎಷ್ಟೆಂಬುದು ಎರಡನೆಯ ಮತ್ತು ಮೂರನೆಯ ತಟ್ಟೆಗಳ ವ್ಯತ್ಯಾಸದಿಂದ ಮಾತ್ರ ತಿಳಿಯುತ್ತದೆ. 4ನೇ ಹಂತದಲ್ಲಿ ನೈಟ್ರೇಟ್ ಇಳಿದಿರುವುದರಿಂದ ಈ ಹೋಲಿಕೆ ನೂರಕ್ಕೆ ನೂರು ಸರಿಯಲ್ಲವಾದರೂ, ಬರೀ ನೀರಿನೊಂದಿಗೆ ಹೋಲಿಸುವುದಕ್ಕಿಂತ ಎಷ್ಟೋ ಮೇಲು.

ತೊಟ್ಟಿಯ ನೀರನ್ನು ನೇರವಾಗಿ ಹೊಲಕ್ಕೆ ಹರಿಸಬಹುದೇ ಎಂದು ಕೇಳುವವರಿಗೆ: ಬೇಡ. ಈ ದ್ರಾವಣದಲ್ಲಿ ಲೀಟರಿಗೆ ಸುಮಾರು 2 ಗ್ರಾಂ ಸೋಡಿಯಂ ಇದೆ. ಸ್ಪಿರುಲಿನಾಗೆಂದೇ ಜಾರೂಕ್ ಎಂಬ ಸಂಶೋಧಕರು ರೂಪಿಸಿದ, ಸೋಡಾ ಹೆಚ್ಚಿರುವ ಹಳೆಯ ದ್ರಾವಣವನ್ನು ಬಳಸಿದ್ದರೆ ಐದೂವರೆ ಗ್ರಾಂ ಮೀರುತ್ತದೆ. ನಾಲಾ ಬಯಲಿನಲ್ಲಿ ನೀರು ನಿಂತು ಚೌಳು ಹಿಡಿದ ಜಮೀನಿನ ಕಷ್ಟ ಏನೆಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 50ರಲ್ಲಿ ಒಂದಕ್ಕೆ ತೆಳುಗೊಳಿಸಿದಾಗ ಸೋಡಿಯಂ 40 ಮಿಲಿಗ್ರಾಂಗೆ ಇಳಿಯುತ್ತದೆ. ಬೀಜ ನೆನೆಸಲು, ಸಸಿಮಡಿಗೆ ಸಿಂಪಡಿಸಲು ಅಷ್ಟು ಸಾಕು.

ಬೇರೆ ಬಳಕೆಗಳು, ಮಿತಿಗಳು

ಈ ಲೋಳೆಗಳು ನೀರನ್ನು ಹಿಡಿದಿಡುತ್ತವೆ, ಎಣ್ಣೆ-ನೀರಿನ ಮಿಶ್ರಣವನ್ನು ಒಡೆಯದಂತೆ ಕಾಯುತ್ತವೆ, ಮಣ್ಣಿನ ಕಣಗಳನ್ನು ಬೆಸೆಯುತ್ತವೆ. ಪೊರ್ಫಿರಿಡಿಯಂ ಎಂಬ ಕೆಂಪು ಸೂಕ್ಷ್ಮಪಾಚಿಯ ಗಂಧಕಯುಕ್ತ ಲೋಳೆಯು ಸೌಂದರ್ಯವರ್ಧಕಗಳಲ್ಲಿ ಬಳಕೆಗೆ ಬಂದಿದೆ; ವೈರಸ್‌ಗಳನ್ನು ತಡೆಯುವ ಗುಣವನ್ನು ಪ್ರಯೋಗಾಲಯದಲ್ಲಿ ತೋರಿಸಿದೆ. ಬೊಟ್ರಿಯೊಕಾಕಸ್ ಎಂಬ ಪಾಚಿ ಹೈಡ್ರೊಕಾರ್ಬನ್‌ಗಳನ್ನು, ಅಂದರೆ ಇಂಧನದ ಜಾತಿಯ ಎಣ್ಣೆಯನ್ನು, ಕೋಶದ ಹೊರಗಿನ ಹಂದರದಲ್ಲಿ ಕೂಡಿಡುತ್ತದೆ. ಆದರೆ ಬಲು ನಿಧಾನವಾಗಿ ಬೆಳೆಯುವುದರಿಂದ ಅದನ್ನು ನಂಬಿ ತೊಟ್ಟಿ ಕಟ್ಟುವುದು ಸದ್ಯಕ್ಕೆ ಜಾಣತನವಲ್ಲ.

ಭಾರಲೋಹಗಳನ್ನು ಹಿಡಿಯುವ ಗುಣವೂ ಈ ಲೋಳೆಗಳಿಗಿದೆ. ಕೊಳಚೆ ನೀರಿನ ಶುದ್ಧೀಕರಣಕ್ಕೆ ಇದು ವರವಾದರೆ, ನಿಮ್ಮ ನೀರಿನಲ್ಲಿ ಸೀಸವೋ ಕ್ಯಾಡ್ಮಿಯಂ ಲೋಹವೋ ಇದ್ದಾಗ ಅದನ್ನೇ ಪುಡಿಯಲ್ಲಿ ಒಟ್ಟುಗೂಡಿಸಿಕೊಡುತ್ತದೆ. ಆದ್ದರಿಂದ ಮನೆಯಲ್ಲಿ ಇಳಿಸಿದ ಲೋಳೆಯನ್ನು ತಿನ್ನುವುದಾಗಲಿ ಮುಖಕ್ಕೆ ಹಚ್ಚುವುದಾಗಲಿ ಕೂಡದು. ಮಾರುವ ಉದ್ದೇಶವಿದ್ದರೆ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು, ಸೌಂದರ್ಯವರ್ಧಕ ತಯಾರಿಸಲು ಬೇರೆಯದೇ ಪರವಾನಗಿ ಬೇಕು.

ಉಳಿದ ನೀರನ್ನು ಮತ್ತೆ ಬಳಸುವುದು

ಲೋಳೆ ತೆಗೆಯದ ಸೋಸಿದ ನೀರಿಗೆ ಸೋಡಾ, ನೈಟ್ರೇಟ್ ಮರುಪೂರಣ ಮಾಡಿ ಮುಂದಿನ ಬೆಳೆಗೆ ಬಳಸಬಹುದು. ಉಪ್ಪಿನ ಖರ್ಚು ಬಹಳ ಉಳಿಯುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಹೊರಸ್ರಾವ ಕೂಡಿಕೊಳ್ಳುತ್ತ ಹೋಗಿ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ. ನೊರೆ ಅರ್ಧ ಗಂಟೆಯಾದರೂ ಒಡೆಯದಿದ್ದರೆ, ಎಳೆಗಳು ಬಟ್ಟೆಗೆ ಅಂಟಿ ಸೋಸುವುದೇ ಕಷ್ಟವಾದರೆ, ಮೂರನೇ ಒಂದು ಪಾಲನ್ನು ತೆಗೆದು ಅಷ್ಟೇ ಹೊಸ ದ್ರಾವಣ ಸೇರಿಸಿ. ಹಾಗೆ ತೆಗೆದ ಪಾಲಿನಲ್ಲೇ ಲೋಳೆ ಹೆಚ್ಚಾಗಿರುವುದರಿಂದ 6ನೇ ಹಂತಕ್ಕೆ ಬೇಕಾದ ನೀರನ್ನು ಅದರಿಂದಲೇ ತೆಗೆದುಕೊಳ್ಳಿ. 7ನೇ ಹಂತದಲ್ಲಿ ಉಳಿದ ಆಲ್ಕೊಹಾಲನ್ನು ಸಿಂಕಿಗೆ ಸುರಿಯದೆ ಬಿಗಿ ಮುಚ್ಚಳದ ಕ್ಯಾನಿನಲ್ಲಿ ಕೂಡಿಡಿ. ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನು ಬಟ್ಟಿ ಇಳಿಸಿ ಮತ್ತೆ ಬಳಸುತ್ತಾರೆ.